ತಂತಿಯ ಮೇಲಿನ ಬಾವುಟ

ಜನವರಿಯ ಎರಡನೆಯ ಭಾನುವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತ ಐವರಲ್ಲಿ ತಟ್ಟೆ ಖಾಲಿ ಮಾಡಿದವರು ಆಲ್ಬಿ ಅಂಕಲ್ ಒಬ್ಬರೇ. ಅವರಿಗೆ ಊಟ ಸೇರದೆ ಎರಡು ತಿಂಗಳಾಗಿತ್ತು. ಉಳಿದ ನಾವು ನಾಲ್ವರೂ ಗಟ್ಟಿಯಾಗಿದ್ದೆವು, ಹಸಿದಿದ್ದೆವು, ಆದರೂ ಅನ್ನದ ಮೇಲೆ ಬಡಿಸಿಕೊಂಡ ಸಾಸೇಜ್ ಕರಿ ಆರಿ ಕೆನೆಗಟ್ಟುವವರೆಗೆ ಜಗಳವಾಡಿದೆವು.

ಆಲ್ಬಿ ಅಂಕಲ್ ನನ್ನ ಅಮ್ಮನ ಅಣ್ಣ. ಎಂಬತ್ತೆರಡು ವರ್ಷ. ಬದುಕಿಡೀ ಬೇರೆಯವರ ಕುರಿಗಳ ಉಣ್ಣೆ ಕತ್ತರಿಸಿ, ಬೇರೆಯವರ ಹೊಲಕ್ಕೆ ಬೇಲಿ ಹಾಕಿದವರು. ಶ್ವಾಸಕೋಶ ಕೆಟ್ಟು, ಇನ್ನು ಮಾಡುವುದೇನೂ ಇಲ್ಲವೆಂದು ನವೆಂಬರಿನಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಅದೇ ಆಸ್ಪತ್ರೆಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ನಮ್ಮ ಜನರ ಕಡೆಯಿಂದ ಡಾಕ್ಟರುಗಳ ಹತ್ತಿರ ಮಾತಾಡುವ ಕೆಲಸ ನನ್ನದು. ಹಾಗಾಗಿ ಡಾಕ್ಟರು ನನಗೆ ಸುತ್ತಿಬಳಸದೆ ಹೇಳಿದ್ದರು: ಫೆಬ್ರವರಿ ಕಂಡರೆ ಹೆಚ್ಚು. ನಾನು ಅದನ್ನು ಅಮ್ಮನಿಗೆ ಮಾತ್ರ ಹೇಳಿದ್ದೆ.

"ಈ ಇಪ್ಪತ್ತಾರಕ್ಕೆ, ಆಸ್ಟ್ರೇಲಿಯಾ ಡೇಗೆ, ಪಾರ್ಕಲ್ಲಿ ಎರಡನೇ ಕಂಬ ನೆಡ್ತಿದೀವಿ," ಎಂದು ಶುರು ಮಾಡಿದವನು ನನ್ನ ತಮ್ಮ ವಾರಿಕ್. ಅವನು ಊರಿನ ಕೌನ್ಸಿಲ್‌ನಲ್ಲಿ ಪಾರ್ಕುಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ. ಮೂರು ವರ್ಷದಿಂದಲೂ ತಾತ್ಕಾಲಿಕ. "ನಮ್ಮ ಬಾವುಟಕ್ಕೇ ಅಂತ. ಈ ಊರಲ್ಲಿ ಇದೇ ಮೊದಲು."

"ನಮ್ಮ ಬಾವುಟ, ಅವರ ದಿನ," ಎಂದಳು ನನ್ನ ಮಗಳು ಟಾರ್ನಿ.

"ಅವರ ದಿನ ಅಂತ ಯಾಕಂತೀಯ? ರಜಾ ನಿನಗೂ ಇದೆಯಲ್ಲ."

"ಬಿಳಿಯರು ಹಡಗಿಂದ ಇಳಿದು ನಮ್ಮ ನೆಲ ಕಿತ್ಕೊಂಡ ದಿನ ಅದು. ಅದಕ್ಕೆ ಬಲೂನು ಬೇರೆ ಕಟ್ತಾರೆ. ನೀನು ಹೋಗಿ ಗುಂಡಿ ತೋಡು ಅಂಕಲ್. ಸ್ವಲ್ಪ ಆಳವಾಗೇ ತೋಡು, ನಮ್ಮನ್ನೂ ಅದ್ರಲ್ಲೇ ಮುಚ್ಚಿಬಿಡಲಿ."

"ಯೂನಿವರ್ಸಿಟಿಗೆ ಹೋಗಿ ಮಾತೊಂದನ್ನ ಚೆನ್ನಾಗಿ ಕಲ್ತಿದೀಯ."

"ಊಟ ಮಾಡ್ರೋ," ಎಂದಳು ಅಮ್ಮ.

ವಾರಿಕ್ ಚಮಚದಲ್ಲಿ ಅನ್ನ ಕಲಸುತ್ತಲೇ ಇದ್ದ. ಇನ್ನೂ ಏನೋ ಹೇಳುವುದಿದೆ ಎಂದು ನನಗೆ ಅವನ ಕಿವಿ ಕೆಂಪಾದಾಗಲೇ ತಿಳಿಯಿತು. "ನಮ್ಮ ಕೌನ್ಸಿಲ್ಲಿನ ಜೆನೀನ್ ಕೇಳಿದ್ರು, ನಿಮ್ಮಮ್ಮನ ಹತ್ರ ಕೈಯಲ್ಲಿ ಹೊಲಿದ ಹಳೇ ಬಾವುಟ ಒಂದಿದ್ಯಂತಲ್ಲ, ಮೊದಲನೇ ಸಲಕ್ಕೆ ಅದನ್ನೇ ಏರಿಸಿದ್ರೆ ಎಷ್ಟು ಚೆನ್ನ ಅಂತ. ನಾನು ಹ್ಞೂ ಅಂದುಬಿಟ್ಟೆ."

ಅಮ್ಮ ಚಮಚ ಕೆಳಗಿಟ್ಟಳು.

"ಹ್ಞೂ ಅಂದ್ಯಾ? ಯಾರನ್ನ ಕೇಳಿ?" ಎಂದಳು ಟಾರ್ನಿ. "ಅದನ್ನ ನಾನು ಸಿಡ್ನಿಗೆ ತಗೊಂಡು ಹೋಗೋಣ ಅಂತಿದ್ದೆ. ಮೆರವಣಿಗೆಗೆ. ಬಸ್ಸು ಗೊತ್ತುಮಾಡಿದೀವಿ. ಮುಂದಿನ ಸಾಲಲ್ಲಿ ನಮ್ಮ ಊರಿನ ಬಾವುಟ ಇರುತ್ತೆ ಅಂತ ಎಲ್ರಿಗೂ ಹೇಳಾಗಿದೆ."

"ನೀನು ಯಾರನ್ನ ಕೇಳಿದೆ?" ಎಂದ ವಾರಿಕ್.

ಆ ಬಾವುಟವನ್ನು ಅಮ್ಮ, ಅವಳ ತಂಗಿ ಇಬ್ಬರೂ ಸೇರಿ ಇದೇ ಮೇಜಿನ ಮೇಲೆ ಹೊಲಿದದ್ದು, ನಾನು ಇನ್ನೂ ಚಿಕ್ಕವಳಿದ್ದಾಗ. ಶಾಲೆಯ ಲಂಗದ ಕಪ್ಪು ಬಟ್ಟೆ, ಯಾರದೋ ಕಿಟಕಿಯ ಕೆಂಪು ಪರದೆ, ನಡುವಿನ ಹಳದಿ ಸೂರ್ಯನಿಗೆ ಮಾತ್ರ ಅಂಗಡಿಯಿಂದ ತಂದ ಬಟ್ಟೆ. ನಮ್ಮ ಓಣಿಯ, ನದಿಯಂಚಿನ ಮಿಷನ್ನಿನಿಂದ, ಹಿಂದೆ ಸರ್ಕಾರ ನಮ್ಮವರನ್ನು ಕೂಡಿಹಾಕಿದ್ದ ಜಾಗದಿಂದ, ಬಂದ ಕುಟುಂಬಗಳಲ್ಲಿ ಯಾರೇ ತೀರಿಕೊಂಡರೂ ಶವಪೆಟ್ಟಿಗೆಯ ಮೇಲೆ ಹೊದಿಸುವುದು ಅದನ್ನೇ. ಮಣ್ಣಿಗಿಳಿಸುವ ಮುಂಚೆ ತೆಗೆದು ಮಡಿಸಿ ಅಮ್ಮನ ಕೈಗೆ ಕೊಡುತ್ತಾರೆ. ಮಿಕ್ಕಂತೆ ಅದು ಅವಳ ಬೀರುವಿನಲ್ಲಿರುತ್ತದೆ.

"ಇಬ್ರಿಗೂ ಇಲ್ಲ," ಎಂದಳು ಅಮ್ಮ.

"ನ್ಯಾನ್, ಎಂಬತ್ತೆಂಟರಲ್ಲಿ ನೀನೇ ಹೊತ್ಕೊಂಡು ಹೋಗಿದ್ಯಲ್ಲ ಸಿಡ್ನಿಗೆ!" ಎಂದಳು ಟಾರ್ನಿ. ಅಜ್ಜಿಯನ್ನು ಅವಳು ನ್ಯಾನ್ ಎನ್ನುತ್ತಾಳೆ.

"ಹೋಗಿದ್ದೆ. ಅದಕ್ಕೇ ಹೇಳ್ತಿರೋದು."

ಅದು ಟಾರ್ನಿಗೂ ಗೊತ್ತಿತ್ತು, ಜಗಳದ ಬಿಸಿಯಲ್ಲಿ ಮರೆತಿದ್ದಳು. ಅಮ್ಮ ಸಿಡ್ನಿಯ ಬೀದಿಯಲ್ಲಿ ಸಾವಿರಾರು ಜನರ ಜೊತೆ ಆ ಬಾವುಟ ಹಿಡಿದು ನಡೆಯುತ್ತಿದ್ದ ವಾರವೇ ಊರಿನಲ್ಲಿ ಅವಳ ತಂಗಿ ತೀರಿಕೊಂಡಳು. ಅಮ್ಮ ಓಡಿಬಂದಳು. ಬಾವುಟ ಬರಲಿಲ್ಲ. ಯಾರೋ ಇನ್ನೊಂದು ಸಭೆಗೆಂದು ಇಸಿದುಕೊಂಡು ಹೋಗಿದ್ದರು. ಹೊಲಿದವಳನ್ನೇ ಬರಿಯ ಪೆಟ್ಟಿಗೆಯಲ್ಲಿ ಮಣ್ಣು ಮಾಡಬೇಕಾಯಿತು. ಬಾವುಟ ಮನೆಗೆ ಬಂದದ್ದು ಮಾರ್ಚಿನಲ್ಲಿ.

ಅಮ್ಮನ ಕಣ್ಣು ಆಗ ತಾನಾಗಿಯೇ ಅಣ್ಣನ ಕಡೆ ಹೊರಳಿತು. ಎಲ್ಲರೂ ನೋಡಿದೆವು. ನೋಡಬಾರದಿತ್ತು.

ಆಲ್ಬಿ ಅಂಕಲ್ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿಕೊಂಡರು. "ಹಾಗಾದ್ರೆ ನಾನು ಯಾವತ್ತು ಹೋಗ್ಬೇಕು ಅಂತ ನೀವೇ ಕೂತು ತೀರ್ಮಾನ ಮಾಡಿ. ಇಪ್ಪತ್ತೇಳರ ಮೇಲಾದ್ರೆ ಎಲ್ರಿಗೂ ಅನುಕೂಲ. ಬಾವುಟ ಸಿಡ್ನೀನೂ ನೋಡ್ಕೊಂಡು ಬರುತ್ತೆ, ಕಂಬಾನೂ ಹತ್ತಿಳಿಯುತ್ತೆ."

"ಇನ್ನೊಂದು ಸಾಸೇಜ್ ಇದ್ಯಾ?" ಎಂದರು ಅವರು. "ನೀವ್ಯಾರೂ ತಿನ್ನೋ ಹಾಗೆ ಕಾಣಲ್ಲ."

*

ಆ ವಾರ ಮನೆಯ ಕೆಲಸಗಳೆಲ್ಲ ನಡೆದವು, ಮಾತು ಮಾತ್ರ ನಿಂತಿತು.

ಎರಡು ಬೀದಿಯಾಚೆಯ ತನ್ನ ಮನೆಯಿಂದ ವಾರಿಕ್ ದಿನಾ ಬೆಳಿಗ್ಗೆ ಆರಕ್ಕೆ ಬಂದು ಆಲ್ಬಿ ಅಂಕಲ್‌ಗೆ ಸ್ನಾನ ಮಾಡಿಸುತ್ತಿದ್ದ. ಅವರನ್ನು ಎತ್ತುವ ಶಕ್ತಿ ಇದ್ದದ್ದು ಅವನಿಗೊಬ್ಬನಿಗೇ. ಮೊದಲೆಲ್ಲ ಸ್ನಾನವಾದ ಮೇಲೆ ಅಡುಗೆಮನೆಯಲ್ಲಿ ನಿಂತೇ ಎರಡು ಮೊಟ್ಟೆ ತಿಂದು ಹೋಗುತ್ತಿದ್ದವನು ಈಗ ಹಿಂಬಾಗಿಲಿನಿಂದಲೇ ಹೊರಟುಬಿಡುತ್ತಿದ್ದ. ಅಮ್ಮ ಮೊಟ್ಟೆ ಬೇಯಿಸುವುದನ್ನು ಬಿಡಲಿಲ್ಲ. ಅವು ಬಟ್ಟಲಿನಲ್ಲಿ ಹಾಗೇ ಉಳಿಯುತ್ತಿದ್ದವು. ಟಾರ್ನಿ ತಟ್ಟೆ ಹಿಡಿದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು.

"ಅವನಿಗೆ ಹೇಳು, ಟವೆಲ್ಲು ನೆಲದ ಮೇಲೆ ಬಿಸಾಕಿ ಹೋಗ್ಬೇಡ ಅಂತ," ಎಂದು ಅಮ್ಮ ನನಗೆ ಹೇಳುವಳು, ಅವನು ಮೂರಡಿ ದೂರದಲ್ಲಿ ನಿಂತಿದ್ದಾಗಲೇ.

"ಸಿಸ್, ಅಮ್ಮಂಗೆ ಹೇಳು, ಎರಡೂ ಕೈಲಿ ಮುದುಕನ್ನ ಹಿಡ್ಕೊಂಡು ಟವೆಲ್ಲನ್ನ ಹಲ್ಲಲ್ಲಿ ಕಚ್ಕೋಬೇಕಾ ಅಂತ."

"ಮುದುಕ ಯಾರೋ?" ಎಂದು ಬಾತ್‌ರೂಮಿನಿಂದ ಆಲ್ಬಿ ಅಂಕಲ್.

ನಾನು ಅವನನ್ನು ಗೇಟಿನ ತನಕ ಹಿಂಬಾಲಿಸಿ ಹೋದೆ. "ಆಗಲ್ಲ ಅಂತ ಅವರಿಗೆ ಹೇಳಿಬಿಡು ವಾರಿಕ್. ಬೇರೆ ಬಾವುಟ ಕೊಂಡ್ಕೊಳ್ಳಲಿ."

"ನಿನಗೆ ಸುಲಭ. ನಿನ್ನ ಕೆಲಸ ಕಾಯಂ," ಎಂದ. "ಕಾಯಂ ಮಾಡೋರ ಪಟ್ಟಿ ಫೆಬ್ರವರೀಲಿ ಬರುತ್ತೆ. ಮೂರು ವರ್ಷದಲ್ಲಿ ಅವರು ನನ್ನನ್ನ ಒಂದು ಮಾತು ಕೇಳಿದ್ದು ಇದೇ ಮೊದಲು. ಅದೂ ಗೌರವ ಕೊಟ್ಟು ಕೇಳಿದ್ರು. ಅದು ನಿಮಗ್ಯಾರಿಗೂ ಅರ್ಥ ಆಗಲ್ಲ."

ನನಗೆ ಅರ್ಥವಾಗಿತ್ತು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಅವನು ಬೀರು ತೆರೆದು ತೆಗೆದುಕೊಂಡು ಹೋಗಿಬಿಟ್ಟರೆ? ಇಲ್ಲ, ಟಾರ್ನಿ? ನಾನು ಆಸ್ಪತ್ರೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅಮ್ಮನ ಬೀರು ತೆರೆದು ಕೈಯಾಡಿಸಿ ನೋಡತೊಡಗಿದೆ. ಒಂದು ದಿನ ಹಾಗೆ ನೋಡುತ್ತಿರುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಇದೆ," ಎಂದಳು. "ನಾನೂ ಈಗಷ್ಟೇ ನೋಡಿದೆ."

ಶುಕ್ರವಾರ ಜೆನೀನ್ ತಾವೇ ಬಂದರು, ಪೆಟ್ಟಿಗೆ ತುಂಬ ಲ್ಯಾಮಿಂಗ್ಟನ್ ಕೇಕು ಹಿಡಿದುಕೊಂಡು. ಒಳ್ಳೆಯ ಹೆಂಗಸು. ಚಪ್ಪಲಿಯನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ಗೊತ್ತಾಗದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು. ಅಮ್ಮ ಒಳ್ಳೆಯ ಕಪ್ಪುಗಳನ್ನು ತೆಗೆದಳು.

"ಎಲ್ವಾ ಆಂಟಿ, ನಿಮಗೆ ಮೊದಲ ಸಾಲಲ್ಲೇ ಕುರ್ಚಿ ಹಾಕಿಸ್ತೀವಿ. ನೆರಳಿನಲ್ಲಿ."

"ಏನೇನು ಇರುತ್ತೆ?"

"ರಾಷ್ಟ್ರಗೀತೆ, ಭಾಷಣ, ಹೊಸದಾಗಿ ಈ ದೇಶದವರಾದವರಿಗೆ ಸರ್ಟಿಫಿಕೇಟು. ಆಮೇಲೆ ಎಲ್ಲರಿಗೂ ಸಾಸೇಜ್, ಬ್ರೆಡ್ಡು."

"ನಮ್ಮ ಬಾವುಟ ಯಾವಾಗ ಏರುತ್ತೆ?"

"ರಾಷ್ಟ್ರಧ್ವಜ ಏರಿದ ಮೇಲೆ. ಅದು ನಿಯಮ. ಮೊದಲು ಅದು, ಆಮೇಲೆ ನಿಮ್ಮದು."

"ಓ," ಎಂದಳು ಅಮ್ಮ. "ಬಂದೋರು ಮೊದಲು, ಇದ್ದೋರು ಆಮೇಲೆ. ಇನ್ನೊಂದು ಕಪ್ ಚಹಾ ಹಾಕ್ಲಾ?"

ಜೆನೀನ್ ಕೆಂಪಾದರು. "ನೀವು ಕೊಟ್ಟರೆ ನಮಗೆ ತುಂಬ ದೊಡ್ಡ ಮರ್ಯಾದೆ, ಆಂಟಿ."

"ಅದು ಮನೇಲಿ ಕೆಲಸಕ್ಕೆ ಬೇಕಾಗಿದೆ ಕಣಮ್ಮ," ಎಂದಳು ಅಮ್ಮ ಮೆಲ್ಲಗೆ. ಪಕ್ಕದ ಕೋಣೆಯಲ್ಲಿ ಆ ಕೆಲಸಕ್ಕೆ ಬೇಕಾದವರು ಕೆಮ್ಮುತ್ತಿದ್ದರು. ಜೆನೀನ್ ಆ ಕಡೆ ನೋಡಿ ಮತ್ತೆ ಒತ್ತಾಯ ಮಾಡಲಿಲ್ಲ. ಆದರೆ ಕೌನ್ಸಿಲ್ಲಿಗೆ ಹೋಗಿ ಏನು ಹೇಳಿದರೋ, ಮಾರನೆಯ ದಿನ ವಾರಿಕ್ ಬಂದು ಸ್ನಾನ ಮಾಡಿಸುವಾಗ ಬಾಯಿಯೇ ಬಿಡಲಿಲ್ಲ. ಅವನ ಮೌನ ನೋಡಿ ಆಲ್ಬಿ ಅಂಕಲ್ ಕೂಡ ತಮಾಷೆ ಮಾಡಲಿಲ್ಲ.

*

ಇಪ್ಪತ್ಮೂರನೆಯ ತಾರೀಖು ಗುರುವಾರ ಬಿಸಿಲು ನಲವತ್ತೆರಡು ಡಿಗ್ರಿ. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಟಾರ್ನಿ ಆಲ್ಬಿ ಅಂಕಲ್ ಜೊತೆ ಮನೆಯಲ್ಲಿದ್ದಳು. ವಾಪಸು ಬರುವಾಗ ಕಾರು ನಮ್ಮ ಓಣಿಯ ಮೂಲೆ ತಿರುಗಿದೊಡನೆ ಅಮ್ಮ ನನ್ನ ತೋಳು ಹಿಡಿದಳು. ಅವಳ ಕಣ್ಣಿಗೆ ಡಾಕ್ಟರು ಹನಿ ಹಾಕಿದ್ದರು, ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗಳದ ಬಟ್ಟೆ ತಂತಿಯ ಮೇಲಿನ ಕಪ್ಪು, ಕೆಂಪು ಮಾತ್ರ ಕಂಡಿತ್ತು.

ನಮ್ಮ ಓಣಿಯಲ್ಲಿ ಸಾವಿನ ಸುದ್ದಿಯನ್ನು ಬಾಯಿಂದ ಹೇಳುವುದಿಲ್ಲ. ದುಃಖ ಹಸಿಯಾಗಿರುವಷ್ಟು ದಿನ ಹೋದವರ ಹೆಸರನ್ನು ಆಡುವುದಿಲ್ಲ. ಅಮ್ಮ ಬಾವುಟವನ್ನು ಬೀರುವಿನಿಂದ ತೆಗೆದು ಗಾಳಿಗೆಂದು ತಂತಿಯ ಮೇಲೆ ಹಾಕುತ್ತಾಳೆ. ದಾರಿಯಲ್ಲಿ ಹೋಗುವವರು ನೋಡುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಯಾರೂ ಬಂದು ಹೌದಾ ಎಂದು ಕೇಳುವುದಿಲ್ಲ. ಅಡುಗೆ ಮಾಡಿ ತರುತ್ತಾರೆ, ಅಷ್ಟೇ.

ಎದುರು ಮನೆಯ ಡಲ್ಸಿ ಆಂಟಿ ತಮ್ಮ ಗೇಟಿನಲ್ಲಿ ನಿಂತಿದ್ದರು. ನಮ್ಮ ಕಾರು ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು.

"ನಾನಿಲ್ಲದೇ ಇದ್ದಾಗ," ಎಂದಳು ಅಮ್ಮ. "ನೋಲೀನ್, ಮತ್ತೆ ನಾನಿಲ್ಲದೇ ಇದ್ದಾಗ."

ಕಾರು ನಿಲ್ಲುವ ಮುಂಚೆಯೇ ಬಾಗಿಲು ತೆಗೆದು ಇಳಿದಳು. ನಾನು ಹಿಂದೆ ಓಡಿದೆ. ಹಾಲ್ ದಾಟಿ ಅಂಕಲ್ ಕೋಣೆಗೆ ನುಗ್ಗಿದೆವು.

"ಬಂದ್ರಾ?" ಎಂದರು ಆಲ್ಬಿ ಅಂಕಲ್. ದಿಂಬಿಗೆ ಒರಗಿ ಕೂತಿದ್ದರು. "ಈ ಹುಡುಗಿ ಚಹಾನ ಕಪ್ಪಿನ ಅಂಚಿನ ತನಕ ತುಂಬ್ತಾಳೆ, ಎಲ್ವಾ. ನಡುಗೋ ಕೈಗೆ ಅಷ್ಟು ತುಂಬಬಾರದು ಅಂತ ಹೇಳ್ಕೊಡು."

ಅಮ್ಮ ಅಲ್ಲೇ ನೆಲದ ಮೇಲೆ ಕುಸಿದಳು. ಅಣ್ಣನ ಪಾದ ಹೊದಿಕೆಯಿಂದ ಹೊರಗಿತ್ತು, ಅದನ್ನು ಹಿಡಿದುಕೊಂಡಳು.

ಅಂಕಲ್ಲೇ ಬಾವುಟ ನೋಡಬೇಕೆಂದು ಕೇಳಿದ್ದರಂತೆ. ಟಾರ್ನಿ ತಂದು ಅವರ ಮೊಣಕಾಲ ಮೇಲೆ ಹರಡಿದ್ದಳು. ಚಹಾ ಚೆಲ್ಲಿತು. ಹಳದಿ ವೃತ್ತದ ಮೇಲೆ ಕಂದು ಕಲೆ. ಅಮ್ಮ ಬರುವಷ್ಟರಲ್ಲಿ ಹೋಗಲಾಡಿಸಬೇಕೆಂದು ಅವಳು ಸೋಪು ಹಾಕಿ ಕೈಯಲ್ಲೇ ಒಗೆದಿದ್ದಳು. ಮನೆಯೊಳಗೆ ನೀರಿನ ಕೂಲರಿನ ತೇವ, ಏನೂ ಒಣಗುವುದಿಲ್ಲ. ಹೊರಗೆ ಆ ಬಿಸಿಲಿಗೆ ಅರ್ಧ ಗಂಟೆ ಸಾಕು ಎಂದುಕೊಂಡಳು.

"ಬರೀ ಒಗೆದು ಹಾಕಿದೆ ನ್ಯಾನ್. ಯಾಕೆ? ಏನಾಯ್ತು?"

ಅವಳಿಗೆ ಗೊತ್ತಿರಲಿಲ್ಲ. ಅವಳು ಬೆಳೆದದ್ದು ಕ್ವೀನ್‌ಬಿಯನ್‌ನಲ್ಲಿ, ಅವಳಪ್ಪನ ಊರಿನಲ್ಲಿ. ಇಲ್ಲಿಗೆ ಬರುತ್ತಿದ್ದದ್ದು ರಜೆಗೆ. ಹೇಳಿಕೊಡಬೇಕಾದವಳು ನಾನು. ಇಷ್ಟು ವರ್ಷ ಎಲ್ಲದಕ್ಕೂ ಹೆದರಿದೆ, ಇದನ್ನು ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ನಾನು ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಕೌನ್ಸಿಲ್ ಲಾರಿ ಕಿರುಗುಟ್ಟಿ ನಿಂತಿತು. ವಾರಿಕ್ ಬೂಟಿನಲ್ಲೇ ಒಳಗೆ ಬಂದ. ಮೊಣಕೈ ತನಕ ಹಸಿ ಸಿಮೆಂಟು. ಬಾಗಿಲ ಚೌಕಟ್ಟು ಹಿಡಿದು ಹಾಸಿಗೆಯ ಕಡೆ ನೋಡಿದ.

"ಯಾರು ಹೇಳಿದ್ರು?" ಎಂದೆ.

"ಯಾರೂ ಹೇಳಲಿಲ್ಲ. ಡಲ್ಸಿ ಆಂಟಿ ಮಗ ಪಾರ್ಕಿಗೆ ಬಂದು ನನ್ನ ಪಕ್ಕ ಟೋಪಿ ತೆಗೆದು ನಿಂತ." ಅವನು ಹಾಸಿಗೆಯ ಹತ್ತಿರ ಬಂದ. "ಅಂಕಲ್, ನೀವು…"

"ನಾನೇ ಕಣೋ," ಎಂದರು ಆಲ್ಬಿ ಅಂಕಲ್. "ಆರು ದಿನದಿಂದ ಬಾಯಿ ಬಿಡದೆ ಬೆನ್ನು ಉಜ್ಜಿದೆಯಲ್ಲ, ಈಗ ಮಾತಾಡು."

ವಾರಿಕ್ ಮಂಚದ ಅಂಚಿನಲ್ಲಿ ಕೂತು, ಸಿಮೆಂಟಿನ ಕೈಯಲ್ಲಿ ಮುಖ ಮುಚ್ಚಿಕೊಳ್ಳಲಾಗದೆ, ಹಾಗೇ ಅತ್ತ. ಟಾರ್ನಿ ಒದ್ದೆ ಟವೆಲ್ಲು ತಂದು ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.

ಪಾರ್ಕಿನಲ್ಲಿ ಅವನು ಕೈಬಿಟ್ಟು ಬಂದ ಎರಡನೆಯ ಕಂಬ ಆ ಬಿಸಿಲಿಗೆ ಒಂದು ಗಂಟೆಯೊಳಗೆ ವಾಲಿಕೊಂಡೇ ಗಟ್ಟಿಯಾಯಿತು.

*

ನಾನು ಫೋನ್ ಹಿಡಿದು ಕೂತೆ. ಅಂಕಲ್ ಇದ್ದಾರೆಂದು ಹೇಳಲು, ಸುಳಿವು ಆಗಲೇ ಹಬ್ಬಿದ್ದ ಹೊರಗಿನ ಊರುಗಳ ಹನ್ನೊಂದು ಮನೆಗಳಿಗೆ ಮಾಡಿದೆ. ನಾಲ್ಕು ಮನೆಯವರು ಹೊರಟಾಗಿತ್ತು. ಉಳಿದವರು, "ಇದಾರಾ? ಹಾಗಾದ್ರೆ ಇನ್ನೂ ಒಳ್ಳೇದಾಯ್ತು, ಬರ್ತೀವಿ," ಎಂದರು.

ಅಮ್ಮ ಬಾವುಟ ತೆಗೆಯಲು ಅಂಗಳಕ್ಕಿಳಿದಳು. ಒಂದು ಕ್ಲಿಪ್ಪು ತೆಗೆದಿದ್ದಳು, ಕಿಟಕಿಯಿಂದ ಅಂಕಲ್ ಕೂಗಿದರು.

"ಇರಲಿ ಬಿಡು ಎಲ್ವಾ."

"ಬದುಕಿರೋನಿಗೆ ಇದೇನು ಅಪಶಕುನ? ಬಿಸಿಲಿಗೆ ಬಣ್ಣ ಬೇರೆ ಹೋಗುತ್ತೆ."

"ನನಗೆ ಇಲ್ಲಿಂದ ಕಾಣುತ್ತೆ. ನಾಳೆ ನನ್ನ ಮೇಲೆ ಹೊದಿಸಿದ್ರೆ ನನಗೆ ಕಾಣುತ್ತಾ?"

ಅಮ್ಮ ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ತುಂಬ ಹೊತ್ತು ನಿಂತಳು. ಆಮೇಲೆ ಮತ್ತೆ ಸಿಕ್ಕಿಸಿದಳು.

ಶನಿವಾರದ ಹೊತ್ತಿಗೆ ಅಂಗಳದಲ್ಲಿ ಮೂವತ್ತು ಜನ. ಡಬ್ಬೋ ಊರಿನವರು, ಕೌರಾ ಊರಿನವರು, ನಾನು ಹತ್ತು ವರ್ಷದಿಂದ ನೋಡದ ಚಿಕ್ಕಪ್ಪನ ಮಕ್ಕಳು. ಸಾವಿನ ಮನೆಗೆಂದು ಮಾಡಿ ತಂದ ಕುರಿ ಸಾರು, ಉಪ್ಪುಮಾಂಸ, ಹಂಡೆಗಟ್ಟಲೆ ಆಲೂಗೆಡ್ಡೆ. ಆಲ್ಬಿ ಅಂಕಲ್ ಪ್ರತಿಯೊಬ್ಬರನ್ನೂ ಹಾಸಿಗೆಯ ಹತ್ತಿರ ಕರೆಸಿ, "ನನ್ನ ಬಗ್ಗೆ ಏನು ಹೇಳೋಣ ಅಂತ ಬಂದಿದ್ದೆ? ಈಗ್ಲೇ ಹೇಳು," ಎನ್ನುತ್ತಿದ್ದರು. ನಕ್ಕು ನಕ್ಕು ಕೆಮ್ಮಿ ನೀಲಿಗಟ್ಟಿದಾಗ ನಾನು ಆಕ್ಸಿಜನ್ ಮಾಸ್ಕ್ ಇಟ್ಟೆ. ಡಲ್ಸಿ ಆಂಟಿ ಮಾತ್ರ ಒಳಗೆ ಬರಲಿಲ್ಲ. "ತಂತಿ ಮೇಲಿನದು ಒಳಗೆ ಹೋಗೋ ತನಕ ನಾನು ಆ ಮನೆ ಮೆಟ್ಟಿಲು ಹತ್ತಲ್ಲ," ಎಂದು ಗೇಟಿನಲ್ಲೇ ಪಾತ್ರೆ ಕೊಟ್ಟು ಹೋದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಭಯವಿತ್ತು.

ಸಿಡ್ನಿಯ ಬಸ್ಸು ಭಾನುವಾರ ಬೆಳಗಿನ ಜಾವ ಹೋಯಿತು. ಟಾರ್ನಿ ತನ್ನ ಸೀಟನ್ನು ಬೇರೆ ಯಾರಿಗೋ ಕೊಟ್ಟಿದ್ದಳು.

"ಹೋಗು ಹುಡುಗಿ. ಬಾವುಟ ಇಲ್ದೇ ಇದ್ರೂ ಕಾಲಿದೆಯಲ್ಲ," ಎಂದಳು ಅಮ್ಮ.

"ಮೂವತ್ತು ಜನಕ್ಕೆ ಆಲೂಗೆಡ್ಡೆ ಸುಲಿಯೋರು ಯಾರು?" ಎಂದಳು ಅವಳು, ತಲೆಯೆತ್ತದೆ.

ಪಾರ್ಕಿಗೆ ಹೋಗುವ ದಾರಿ ನಮ್ಮ ಅಂಗಳದ ಬೇಲಿಯ ಪಕ್ಕದಲ್ಲೇ. ಒಂಬತ್ತಕ್ಕೆ ಕಾರುಗಳು ಶುರುವಾದವು, ಕಿಟಕಿಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ರಾಷ್ಟ್ರಧ್ವಜಗಳು. ನಮ್ಮ ತಂತಿ ಕಂಡಾಗ ನಿಧಾನವಾಗುತ್ತಿದ್ದವು. ಕೆಲವರು ಕೈ ಬೀಸಿದರು. ಕೆಲವರು ಹಾರ್ನ್ ಒತ್ತಿಹಿಡಿದರು. ಒಂದು ಕಾರಿನಿಂದ ಖಾಲಿ ಕ್ಯಾನು ಬೇಲಿಯೊಳಕ್ಕೆ ಬಿತ್ತು, "ಇಷ್ಟ ಇಲ್ದಿದ್ರೆ ಹೊರಡಿ" ಎಂಬ ಕೂಗೂ ಬಂತು.

"ಎಲ್ಲಿಗೆ?" ಎಂದರು ಆಲ್ಬಿ ಅಂಕಲ್ ಒಳಗಿನಿಂದ, ನಿಜವಾಗಿ ದಾರಿ ಕೇಳುವವರ ಹಾಗೆ.

ಸುತ್ತ ಕೂತಿದ್ದ ಮಕ್ಕಳು ನಕ್ಕರು. ಅಂಕಲ್ ಅವರಿಗೆ ಹೇಳತೊಡಗಿದರು: "ಮಿಷನ್ನಲ್ಲಿ ಈ ದಿನ ಮ್ಯಾನೇಜರು ಒಬ್ಬೊಬ್ಬರಿಗೂ ಒಂದು ಬನ್ನು, ಒಂದು ಕಾಗದದ ಬಾವುಟ ಕೊಡೋನು, ಅವರದ್ದು. ಬಾವುಟ ಆಡಿಸಿದ ಮೇಲೇ ಬನ್ನು ತಿನ್ನಬೇಕು. ನಾನು ಬನ್ನು ಮೊದಲು ತಿಂದೆ."

"ಆಮೇಲೆ?"

"ಮುಂದಿನ ವರ್ಷ ಬಾವುಟ ಮಾತ್ರ ಕೊಟ್ಟ."

ಹತ್ತು ಗಂಟೆಗೆ ವಾರಿಕ್‌ನ ಮೇಸ್ತ್ರಿ ಗ್ಯಾವಿನ್ ಬಂದ. ಬೇಲಿಯಾಚೆ ಕಾರು ನಿಲ್ಲಿಸಿ ವಾರಿಕ್‌ನನ್ನು ಕರೆದ. ನಾನು ತಂತಿಯ ಕೆಳಗೆ ಟವೆಲ್ಲುಗಳನ್ನು ತೆಗೆಯುವ ನೆಪದಲ್ಲಿ ನಿಂತೆ.

"ಜನ ಫೋನ್ ಮಾಡ್ತಿದಾರೆ ಕಣೋ. ಪಾರ್ಕಿಗೆ ಬರೋರಿಗೆಲ್ಲ ಇದೇ ಕಾಣ್ತಿದೆ, ಬೇಕಂತ ಕಟ್ಟಿದೀರ ಅಂತಾರೆ. ಇವತ್ತೊಂದು ದಿನ ಒಳಗೆ ತಗೊಳ್ಳೋಕೆ ಅಮ್ಮಂಗೆ ಹೇಳು."

"ಬಟ್ಟೆ ಒಗೆದು ಹಾಕಿದೀವಿ, ಗ್ಯಾವ್."

"ವಾರಿಕ್, ಅದು ಮೂರು ದಿನದಿಂದ ಒಣಗ್ತಿದೆ."

"ದಪ್ಪ ಬಟ್ಟೆ."

ಗ್ಯಾವಿನ್ ಪಾರ್ಕಿನ ಕಡೆ ಕೈ ತೋರಿಸಿದ. "ಆ ಕಂಬ ಬೇರೆ ಹಾಗೆ ನಿಂತಿದೆ. ಎಲ್ರೂ ಅದರ ಪಕ್ಕ ತಲೆ ಓರೆ ಮಾಡ್ಕೊಂಡು ಫೋಟೋ ತೆಗೆಸ್ಕೊಳ್ತಿದಾರೆ. ಫೆಬ್ರವರಿ ಪಟ್ಟಿ ನೆನಪಿದೆ ತಾನೆ? ನಾನು ನಿನ್ನ ಪರವಾಗೇ ಹೇಳ್ತಿರೋದು."

ನನ್ನ ಕೈಯಲ್ಲಿ ಟವೆಲ್ಲು ಹಾಗೇ ಇತ್ತು. ಈಗ ಬಾವುಟ ಕೀಳುತ್ತಾನೆ, ಅಮ್ಮ ನೋಡುತ್ತಾಳೆ, ಇಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ವಾರಿಕ್ ತಂತಿಯ ಹತ್ತಿರ ಬಂದ. ಬುಟ್ಟಿಯಿಂದ ಒಂದು ಕ್ಲಿಪ್ಪು ಎತ್ತಿಕೊಂಡು, ಗಾಳಿಗೆ ಮಡಚಿಕೊಂಡಿದ್ದ ಬಾವುಟದ ತುದಿಯನ್ನು ನೆಟ್ಟಗೆ ಮಾಡಿ ಸಿಕ್ಕಿಸಿದ.

"ಒಣಗಿದ ಮೇಲೆ ತೆಗೀತೀವಿ," ಎಂದ.

ಅವತ್ತು ಮಧ್ಯಾಹ್ನ ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ ಮೂರು ತಟ್ಟೆ ಉಂಡ. ಅಮ್ಮ ಬಡಿಸಿದಳು. ಪಾರ್ಕಿನಿಂದ ಮೈಕಿನ ಹಾಡು ಗಾಳಿಯಲ್ಲಿ ಬಂದು ಹೋಗುತ್ತಿತ್ತು.

*

ಬಂದವರು ಹೊರಟುಹೋದರು. ಬಾವುಟ ತಂತಿಯ ಮೇಲೇ ಇತ್ತು. ಅಮ್ಮ ದಿನಾ ಸಂಜೆ ಅದನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಕಪ್ಪು ಕಂದಾಗುತ್ತಿತ್ತು.

ನನಗೆ ಬೇರೆಯದೇ ಚಿಂತೆ. ಪಾತ್ರೆ ತೊಳೆಯುತ್ತ ಒಂದು ದಿನ ಕೇಳಿಯೇಬಿಟ್ಟೆ. "ಅಮ್ಮ, ಅಂಕಲ್ ನಿಜವಾಗಿ ಹೋದಾಗ ಜನಕ್ಕೆ ಹೇಗೆ ಗೊತ್ತಾಗುತ್ತೆ? ಬಾವುಟ ಆಗಲೇ ಹೊರಗಿದೆಯಲ್ಲ. ಒಂದ್ಸಲ ಬಂದು ನಗಾಡ್ಕೊಂಡು ಹೋದೋರು ಇನ್ನೊಂದ್ಸಲ ಬರ್ತಾರಾ?"

"ಬಾವುಟ ಮನೇಲಿದೆಯಲ್ಲ," ಎಂದಳು ಅಮ್ಮ. "ಅಷ್ಟು ಸಾಕು ಅವನಿಗೆ."

ಆದರೆ ಅವಳಿಗೂ ಸಾಕಾಗಿರಲಿಲ್ಲ. ಆ ರಾತ್ರಿಯಿಂದ ಅವಳು ಅಂಕಲ್ ಕೋಣೆಯಲ್ಲೇ ಕುರ್ಚಿಯ ಮೇಲೆ ಮಲಗತೊಡಗಿದಳು. ಅಂಗಡಿಗೆ ಹೋಗುವುದನ್ನು ಬಿಟ್ಟಳು.

ಕೌನ್ಸಿಲ್ಲಿನ ಪಟ್ಟಿ ಫೆಬ್ರವರಿ ಮೂರಕ್ಕೆ ಬಂತು. ವಾರಿಕ್ ಹೆಸರು ಅದರಲ್ಲಿರಲಿಲ್ಲ. ಅವನು ಬೆಳಿಗ್ಗೆ ಆರಕ್ಕೆ ಎಂದಿನಂತೆ ಬಂದ. ಮೊಟ್ಟೆ ಬಿಡಿಸುತ್ತ ಟಾರ್ನಿಗೆ ಹೇಳಿದ. ಅವಳು ಬೈಯಲು ಬಾಯಿ ತೆರೆದಳು. "ಬೇಡ," ಎಂದ. "ಉಪ್ಪು ಕೊಡು."

ಆರನೆಯ ತಾರೀಖು ಬೆಳಿಗ್ಗೆ ಸ್ನಾನ ಮಾಡಿಸಿ, ಒಗೆದ ಅಂಗಿ ಹಾಕಿ, ವಾರಿಕ್ ಅಂಕಲ್‌ನ ತಲೆ ಬಾಚುತ್ತಿದ್ದ. ಅಮ್ಮ ಕಾಲ ಬಳಿ ಕೂತಿದ್ದಳು. ಅಂಕಲ್ ಕಿಟಕಿಯ ಕಡೆ ನೋಡುತ್ತಿದ್ದರು. ಬಾಚಣಿಗೆ ಎರಡನೆಯ ಸಲ ಹಿಂದಕ್ಕೆ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ವಾರಿಕ್ ಬಾಚುವುದನ್ನು ಪೂರ್ತಿ ಮಾಡಿದ.

ತುಂಬ ಹೊತ್ತಿನ ಮೇಲೆ ಅಮ್ಮ ಎದ್ದಳು. "ಬಾವುಟ ಒಳಗೆ ತನ್ನಿ," ಎಂದಳು.

ವಾರಿಕ್, ಟಾರ್ನಿ ಹೋದರು. ಅವನು ಒಂದು ತುದಿ, ಅವಳು ಒಂದು ತುದಿ. ನೆಲಕ್ಕೆ ತಾಗದಂತೆ ಹಿಡಿದು ಒಳಗೆ ತಂದರು. ಅಮ್ಮ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು.

ಹೊರಗೆ ಖಾಲಿ ತಂತಿ. ಒಂದು ಕ್ಲಿಪ್ಪು ಮಾತ್ರ ಉಳಿದಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಒಂದು ಕಾರು ಹೋಯಿತು. ನಿಧಾನವಾಗಲಿಲ್ಲ. ಅಂಚೆಯವನು ಹೋದ. ಒಗೆದ ಬಟ್ಟೆ ಒಳಗೆ ತೆಗೆದುಕೊಂಡರೆ ಯಾರಿಗೆ ಏನು ತಿಳಿಯುತ್ತದೆ? ನನ್ನ ಕೈ ಫೋನಿನ ಮೇಲೆ ಹೋಯಿತು.

"ಇಡು ಅದನ್ನ," ಎಂದಳು ಅಮ್ಮ, ತಿರುಗಿ ನೋಡದೆ. ಕೆಂಪು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದಳು.

ಎದುರು ಅಂಗಳಕ್ಕೆ ಡಲ್ಸಿ ಆಂಟಿ ಬಂದರು. ಅವರ ತಂತಿಯ ಮೇಲೆ ಬೆಳಗಿನ ಬಟ್ಟೆಗಳಿದ್ದವು, ಹಾಸಿಗೆಯ ಬಿಳಿ ಹೊದಿಕೆಗಳು, ನೀರು ತೊಟ್ಟಿಕ್ಕುತ್ತಿದ್ದವು. ಅವರು ನಮ್ಮ ಅಂಗಳದ ಕಡೆ ನೋಡಿದರು. ನೋಡುತ್ತಲೇ ನಿಂತರು. ಆಮೇಲೆ ಹೊದಿಕೆಗಳನ್ನು ಹಸಿಯಾಗಿಯೇ ಒಂದೊಂದಾಗಿ ತೆಗೆದು ತೋಳಿಗೆ ಹಾಕಿಕೊಂಡು ಒಳಗೆ ಹೋದರು. ಅವರ ಪಕ್ಕದ ಮನೆಯ ಹುಡುಗಿ ಅದನ್ನು ಕಂಡು, ನಮ್ಮ ಕಡೆ ಒಮ್ಮೆ ನೋಡಿ, ತನ್ನ ಮಗುವಿನ ಬಟ್ಟೆಗಳನ್ನು ಬುಟ್ಟಿಗೆ ಹಾಕತೊಡಗಿದಳು. ಅದರಾಚೆಯ ಮನೆಯಲ್ಲೂ ಯಾರೋ ಅಂಗಳಕ್ಕಿಳಿದರು.

ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಓಣಿಯ ಯಾವ ತಂತಿಯ ಮೇಲೂ ಒಂದು ಚೂರು ಬಟ್ಟೆ ಇರಲಿಲ್ಲ.

"ದೊಡ್ಡ ಕೆಟಲ್ ಇಡು, ನೋಲೀನ್," ಎಂದಳು ಅಮ್ಮ.